ಸರ್ವೆ ಮಾವನಿಗೆ, ಮತ್ತೆ ಎಲ್ಲರಿಗೂ

ಕಳೆದ ಭಾನುವಾರ ಸಾಗರದ ಒಂದು ಸಣ್ಣ ಸಭಾಂಗಣದ ಗೋಡೆಗೆ ನಮ್ಮ ನಕ್ಷೆ ಏರಿತು. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿರುವ ಊರು, ಕೇರಿ, ಗದ್ದೆಬಯಲು, ಕಾಲುದಾರಿ, ಕಡವು ಎಲ್ಲ ಒಂದೇ ಕಡೆ. ನಾಲ್ಕು ವರ್ಷ ಹಿಡಿಯಿತು. ಅವತ್ತು ಬಂದವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ, ನೀಲಿ ಬಣ್ಣದ ಮೇಲೆ ಬೆರಳಿಟ್ಟು, "ಇದೇ ನೋಡು, ನಮ್ಮನೆ ತೋಟ" ಎಂದು ಮೊಮ್ಮಕ್ಕಳಿಗೆ ತೋರಿಸುತ್ತಿದ್ದರು. ನನ್ನ ಕೈಗೆ ಮೈಕು ಕೊಟ್ಟಾಗ ಗಂಟಲು ಕಟ್ಟಿತು. ಯಾರಿಗೂ ಧನ್ಯವಾದ ಹೇಳಲು ಆಗಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅಪ್ಪ ಒಂದು ರಾತ್ರಿ ಹುಷಾರು ತಪ್ಪಿ ಆಸ್ಪತ್ರೆ ಸೇರಿದ್ದು, ಅದರಿಂದ ಕೆಲಸ ಎಂಟು ತಿಂಗಳು ನಿಂತದ್ದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಹೇಳುವುದಿಲ್ಲ. ಅಪ್ಪ ಈಗ ಮನೆಯಲ್ಲಿದ್ದಾರೆ. ಊಟ ಸೇರುತ್ತಿದೆ. ಮಾತು ಇನ್ನೂ ಪೂರ್ತಿ ಬಂದಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಕೋಲು ಹಿಡಿದು ನಾಲ್ಕು ಸುತ್ತು ಹಾಕುತ್ತಾರೆ.

ರಜೆಯ ದಿನಗಳನ್ನೆಲ್ಲ ಕೊಟ್ಟು ಕಂಪ್ಯೂಟರಿನ ಮುಂದೆ ಕೂತ ನನ್ನ ಹಳೆಯ ವಿದ್ಯಾರ್ಥಿಗಳು, ಹೊಳೆಬಾಗಿಲಿನಲ್ಲಿ ಕೊನೆಯ ಲಾಂಚು ತಪ್ಪದಂತೆ ನನಗಾಗಿ ಎರಡು ನಿಮಿಷ ಕಾದ ಸಿಬ್ಬಂದಿ, ತುಮರಿ ಕಡೆ ಹೋದಾಗಲೆಲ್ಲ ಊಟ ಹಾಕಿದ ಮನೆಗಳು, ಗ್ರಾಮ ನಕ್ಷೆಗಳ ಪ್ರತಿ ಹುಡುಕಿಕೊಟ್ಟ ಗುಮಾಸ್ತರು, ನನ್ನ ತರಗತಿಗಳನ್ನು ನೋಡಿಕೊಂಡ ಸಹೋದ್ಯೋಗಿಗಳು, ಮನೆಯ ಭಾರ ಹೊತ್ತ ತಂಗಿ, ಇಷ್ಟು ಜನಕ್ಕೂ ನಾನು ಋಣಿ. ಸಭಾಂಗಣದ ಬಾಡಿಗೆ ಬೇಡವೆಂದವರಿಗೂ.

ಊರಿನ ಅಜ್ಜಿಯಂದಿರ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. ಹಳೆಯ ನಕ್ಷೆಗಳಲ್ಲಿ ಹೆಸರುಗಳನ್ನು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಗೇರುಸೊಪ್ಪ ಅಲ್ಲಿ ಗೆರ್ಸೊಪ್ಪ. ಬಿದನೂರು ಬೆಡ್ನೋರ್. ಸೋಂದಾ ಸೂಂಡಾ. ದೊಡ್ಡ ಊರುಗಳಿಗೇ ಹೀಗಾದರೆ ನಾಲ್ಕು ಮನೆಯ ಕೇರಿಗಳ ಗತಿ ಏನು? ಆ ಅಕ್ಷರಗಳನ್ನು ನಾನು ಜೋರಾಗಿ ಓದುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ಸರಿಯಾದ ಹೆಸರು ಹೇಳಿ, ಅಲ್ಲಿಗೆ ಮದುವೆಯಾಗಿ ಹೋದವರು ಯಾರು, ಅಲ್ಲಿನ ಚೌಡಿಬನ ಎಲ್ಲಿತ್ತು, ಬಾವಿಯ ನೀರು ಹೇಗಿತ್ತು ಎಂದು ಸೇರಿಸುತ್ತಿದ್ದರು. ನಕ್ಷೆಯ ಮೇಲಿನ ಒಂದೊಂದು ಕನ್ನಡ ಹೆಸರೂ ಅವರದ್ದು.

ಉಳಿದದ್ದೆಲ್ಲ ಸರ್ವೆ ಮಾವನಿಗೆ.

ಅವರು ಸಂಬಂಧದಲ್ಲಿ ನನಗೆ ಮಾವ ಅಲ್ಲ. ಅಪ್ಪನ ಗೆಳೆಯರು. ಮೂವತ್ತು ವರ್ಷಕ್ಕೂ ಹೆಚ್ಚು ಭೂಮಾಪಕರಾಗಿದ್ದು ನಿವೃತ್ತರಾದವರು. ಚಿಕ್ಕಂದಿನಲ್ಲಿ ಅವರು ಮನೆಗೆ ಬಂದರೆ ಅಂಗಳದಲ್ಲಿ ನಮಗೆ ಸರಪಳಿ ಎಳೆಯುವುದನ್ನು ತೋರಿಸುತ್ತಿದ್ದರು. ಸರಪಳಿ 33 ಅಡಿ ಉದ್ದ, ಅದರಲ್ಲಿ ಹದಿನಾರು ಭಾಗ, ಒಂದೊಂದು ಭಾಗಕ್ಕೆ ಆಣೆ ಎಂದು ಹೆಸರು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ನನಗೆ ಗಣಿತ ರುಚಿಸಿದ್ದು ಶಾಲೆಯಲ್ಲಲ್ಲ, ಆ ಅಂಗಳದಲ್ಲಿ.

ನಾನು ಈ ಕೆಲಸ ಶುರುಮಾಡಿದಾಗ ನನ್ನ ಹತ್ತಿರ ಇದ್ದದ್ದು 1950ರ ದಶಕದ ಒಂದು ಅಮೆರಿಕನ್ ಸೇನಾ ನಕ್ಷೆ ಮಾತ್ರ. ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ ಒಂದು ಇಂಚಿಗೆ ಸುಮಾರು ನಾಲ್ಕು ಮೈಲಿ. ಹೊಳೆ ಕಾಣುತ್ತದೆ, ದೊಡ್ಡ ರಸ್ತೆ ಕಾಣುತ್ತದೆ, ಅಪ್ಪನ ಊರು ಕಾಣುವುದಿಲ್ಲ. ಮಾವ ಅದನ್ನು ನೋಡಿ, "ಇದು ವಿಮಾನದಾಗೆ ಹೋಗೋರಿಗೆ ಮಗಾ, ನಡೆಯೋರಿಗೆ ಒಂದಿಂಚಿನ ಹಾಳೆ ಬೇಕು" ಎಂದರು. ಒಂದು ಇಂಚಿಗೆ ಒಂದು ಮೈಲಿ ಇರುವ ಸರ್ವೆ ಆಫ್ ಇಂಡಿಯಾದ ಹಳೆಯ ಟೊಪೊ ಶೀಟುಗಳು. ಅವುಗಳ ಪ್ರತಿ ಒಂದೊಂದಾಗಿ ಸಿಗಲು ಒಂದೂವರೆ ವರ್ಷ ಬೇಕಾಯಿತು. ನಮ್ಮ ಹಿನ್ನೀರು ಎಂಥ ಜಾಗದಲ್ಲಿದೆ ಎಂದರೆ, ನಾಲ್ಕು ಹಾಳೆಗಳ ಮೂಲೆ ಕೂಡುವಲ್ಲೇ ಹರಡಿಕೊಂಡಿದೆ. ಅವುಗಳ ನಂಬರು 48 ಜೆ/16, 48 ಎನ್/4, 48 ಕೆ/13, 48 ಒ/1. ಒಂದು ಹಾಳೆಯಲ್ಲಿ ಹೊರಟ ಕಾಲುದಾರಿ ಇನ್ನೊಂದರಲ್ಲಿ ಮುಗಿಯುತ್ತದೆ. ನಾಲ್ಕೂ ಸಿಗದೆ ಏನೂ ಮಾಡುವ ಹಾಗಿರಲಿಲ್ಲ.

ಹಾಳೆ ಓದುವುದನ್ನು ಕಲಿಸಿದವರು ಮಾವ. ಎತ್ತರ ತೋರಿಸುವ ಕಂಟೂರ್ ಗೆರೆಗಳು ಐವತ್ತು ಅಡಿಗೊಂದು. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅಂದರೆ 1800ರ ಗೆರೆಯ ಕೆಳಗಿದ್ದದ್ದೆಲ್ಲ ಮುಳುಗಿದೆ, 1850ರ ಮೇಲಿದ್ದದ್ದು ಉಳಿದಿದೆ. ನಡುವಿನ ಪಟ್ಟಿಯ ವಿಷಯ ಕಾಗದ ಹೇಳುವುದಿಲ್ಲ, ಜನರನ್ನೇ ಕೇಳಬೇಕು. ನನ್ನ ಅಜ್ಜನ ಮನೆ ಇದ್ದದ್ದು ಆ ಪಟ್ಟಿಯಲ್ಲಿ. ಮಳೆ ಕಮ್ಮಿಯಾದ ವರ್ಷ ಮೇ ತಿಂಗಳಲ್ಲಿ ಹೋದರೆ ತುಳಸಿಕಟ್ಟೆಯ ಕಲ್ಲು ಕಾಣುತ್ತದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಕೂಡ ಅಂಥ ವರ್ಷಗಳಲ್ಲೇ ನೀರಿನಿಂದ ಮೇಲೇಳುವುದು. ಜೋಗದಲ್ಲಿ ಕರೆಂಟು ಹುಟ್ಟಲೆಂದು ಮೊದಲು ಕಟ್ಟಿದ್ದು ಆ ಅಣೆಕಟ್ಟು. 1964ರಲ್ಲಿ ಲಿಂಗನಮಕ್ಕಿ ಬಂದು ಅದನ್ನೂ ಮುಳುಗಿಸಿತು. ನಮ್ಮ ಅಜ್ಜನ ಮನೆ ಎರಡು ಸಲ ಎತ್ತಿದ್ದು ಹೀಗೆ. ಮೊದಲ ನೀರಿಗೆ ಗದ್ದೆ ಹೋಗಿ ಗುಡ್ಡದ ಮೇಲಕ್ಕೆ ಬಂದರು. ಎರಡನೆಯ ನೀರು ಅಲ್ಲಿಗೂ ಬಂತು. ಆಗ ಅಪ್ಪನಿಗೆ ಹದಿಮೂರು ವರ್ಷ.

ಹಳೆಯ ಹಾಳೆಯನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ನಾನು ಅತ್ತದ್ದೂ ಇದೆ. ಹತ್ತೊಂಬತ್ತನೇ ಶತಮಾನದ ಹಾಳೆಗಳಲ್ಲಿ ರೇಖಾಂಶವೇ ಎರಡು ಮಿನಿಟಿಗಿಂತ (ಒಂದು ಡಿಗ್ರಿಗೆ ಅರವತ್ತು ಮಿನಿಟು) ಜಾಸ್ತಿ ಪೂರ್ವಕ್ಕೆ ಸರಿದಿದೆ. ಮದರಾಸು ವೀಕ್ಷಣಾಲಯಕ್ಕೆ ಆಗ ಹಿಡಿದಿದ್ದ ರೇಖಾಂಶ ಸರಿ ಇರಲಿಲ್ಲವಾದ್ದರಿಂದ ಎಲ್ಲವೂ ಸರಿಯಿತು. ನಮ್ಮ ಕಡೆ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು. ಆಮೇಲಿನ ಹಾಳೆಗಳಲ್ಲಿ ಇದು ಸರಿಯಾಗಿದೆ. ಆದರೆ ಅವೂ ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬ ಹಳೆಯ ಸರ್ವೆ ಅಧಿಕಾರಿ ಹಾಕಿದ ಲೆಕ್ಕದವು. ಈಗಿನ ಜಿಪಿಎಸ್ ಜತೆ ಹಾಗೇ ಇಟ್ಟರೆ ನೂರು ಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಹಾಗಾಗಿ ಅಂದೂ ಇಂದೂ ಅಲುಗದ ಗುರುತುಗಳು ಬೇಕು. ಗುಡ್ಡದ ತುದಿಯ ತ್ರಿಕೋನ ಗುರುತು, ಹಳೆಯ ದೇವಸ್ಥಾನ, ಕೆರೆಯ ಏರಿ. ಇಂಥ ಒಂದೊಂದು ಗುರುತನ್ನೂ ಮಾವ ನನ್ನ ಜತೆ ನಡೆದು ನೋಡಿದರು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಉಂಬಳ ಕಚ್ಚಿಸಿಕೊಂಡು, ಸುಣ್ಣದ ಡಬ್ಬಿ ಜೇಬಿನಲ್ಲಿಟ್ಟುಕೊಂಡು.

ಇನ್ನು ಆ ರಾತ್ರಿ.

ಘಟ್ಟ ಇಳಿದು ಆಸ್ಪತ್ರೆ ಮುಟ್ಟುವಾಗ ಹತ್ತೂವರೆ. ಆಂಬುಲೆನ್ಸಿನಲ್ಲಿ ನನ್ನ ಜತೆ ಹತ್ತಿದವರು ಮಾವ. ಯಾರೂ ಅವರನ್ನು ಕರೆದಿರಲಿಲ್ಲ. ಸುದ್ದಿ ಕೇಳಿ ಹೆಗಲ ಚೀಲ ಹಾಕಿಕೊಂಡು ಬಂದವರು ಸುಮ್ನೆ ಹತ್ತಿ ಕೂತರು. ರಾತ್ರಿ ಎರಡು ಗಂಟೆಗೆ ವೈದ್ಯರು ಬಂದು ಹೇಳಬೇಕಾದ್ದನ್ನು ಹೇಳಿ ಹೋದರು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಮೂರು ದಿನ ಯೋಚಿಸಿದೆ. ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಅಪ್ಪ ಒಬ್ಬರೇ ಅಲ್ಲ. ಅವರನ್ನು ನಾನು ಕೇಳದೆ ಬಿಟ್ಟ ಪ್ರಶ್ನೆಗಳೂ ಬಂದವು. ಯಾರ್‍ಯಾರದೋ ಮನೆಗೆ ರೆಕಾರ್ಡರ್ ಹಿಡಿದು ಹೋಗಿದ್ದೆ. ಅಪ್ಪ ಮನೆಯಲ್ಲೇ ಇದ್ದಾರಲ್ಲ, ಆಮೇಲೆ ಕೇಳಿದರಾಯಿತು ಎಂದು ಬಿಟ್ಟಿದ್ದೆ. ಹದಿಮೂರು ವರ್ಷ ಅವರು ಓಡಾಡಿದ ಜಾಗದ ಒಂದು ಹೆಸರನ್ನೂ ನಾನು ಬರೆದುಕೊಂಡಿರಲಿಲ್ಲ. ಅಪ್ಪ ಒಳಗೆ ಹಾಗೆ ಮಲಗಿರುವಾಗ ನನಗೆ ಹೆಸರುಗಳ ಚಿಂತೆ ಬಂತಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಅದನ್ನು ಹಾಗೇ ಮಾವನ ಹತ್ತಿರ ಹೇಳಿದೆ. ಹೇಳುತ್ತಾ ಜೋರಾಗಿ ಅತ್ತೆ.

ಅವರು ಸಮಾಧಾನ ಹೇಳಲಿಲ್ಲ. ಎಲ್ಲ ಸರಿಹೋಗುತ್ತೆ ಎಂದೂ ಅನ್ನಲಿಲ್ಲ. ಚೀಲದಿಂದ ಹಾಳೆ ತೆಗೆದರು. ನಾನೇ ಮುದ್ರಿಸಿ ಕೊಟ್ಟಿದ್ದ ಪ್ರತಿ, ಮಡಚಿ ಮಡಚಿ ಸವೆದಿತ್ತು. ಅದನ್ನು ಮೆಟ್ಟಿಲ ಮೇಲೆ ಹರಡಿದರು. ಹೆಗಲ ಟವೆಲಿನ ಅಂಚಿನಿಂದ ಒಂದು ಎಳೆ ದಾರ ಕಿತ್ತರು. "ನಿಮ್ಮಪ್ಪ ಶಾಲೆಗೆ ಹೋಗ್ತಿದ್ದ ದಾರಿ ಅಳೆದು ನೋಡಣ ಬಾ" ಎಂದರು.

ದಾರದ ಒಂದು ತುದಿ ಊರಿನ ಚುಕ್ಕೆಯ ಮೇಲೆ ನಾನು ಹಿಡಿದೆ. ಮಾವ ಚುಕ್ಕೆಗೆರೆಯ ಒಂದೊಂದು ತಿರುವಿನಲ್ಲೂ ದಾರವನ್ನು ಬೆರಳಿನಿಂದ ಒತ್ತಿ ಕೂರಿಸುತ್ತಾ ಹೋದರು. ಗದ್ದೆಬಯಲು, ಹಳ್ಳ, ಕಾನಿನ ಅಂಚು, ಮತ್ತೆ ಒಂದು ಏರು. ಶಾಲೆಯಿದ್ದ ಊರು ಮುಟ್ಟಿದ ಮೇಲೆ ದಾರ ಎತ್ತಿ ಹಾಳೆಯ ಕೆಳಗಿನ ಅಳತೆಪಟ್ಟಿಯ ಮೇಲೆ ನೇರ ಮಾಡಿದರು. ಮೂರು ಇಂಚಿಗೆ ಸ್ವಲ್ಪ ಜಾಸ್ತಿ. ಮೂರು ಮೈಲಿ ಚಿಲ್ಲರೆ. ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದೆ ಎಂದು ಅಪ್ಪ ಹೇಳಿದಾಗಲೆಲ್ಲ ನಾನೂ ತಂಗಿಯೂ ನಂಬಿರಲಿಲ್ಲ.

ಬೆಳಗಿನವರೆಗೂ ಹೀಗೇ ಅಳೆದೆವು. ಊರಿಂದ ಕಡವಿಗೆ ಎಷ್ಟು. ಕಡವಿನಿಂದ ಸಂತೆಗೆ ಎಷ್ಟು. ಕೆಲವು ಚುಕ್ಕೆಗೆರೆಗಳು ಪಶ್ಚಿಮಕ್ಕೆ, ಘಟ್ಟದ ಅಂಚಿಗೆ, ಗೇರುಸೊಪ್ಪದ ಕಡೆಗೆ ಇಳಿಯುತ್ತವೆ. ಹದಿನಾರನೇ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ್ದು ಆ ಸೀಮೆಯನ್ನೇ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎನ್ನುತ್ತಿದ್ದರು. ನಮ್ಮ ಕಾನುಗಳ ಮೆಣಸು ತಲೆಹೊರೆಯಲ್ಲಿ, ಎತ್ತಿನ ಬೆನ್ನಿನಲ್ಲಿ ಇಂಥ ದಾರಿಗಳಲ್ಲೇ ಇಳಿದಿರಬೇಕು ಎಂದು ಮಾವ ದಾರ ಹಿಡಿದುಕೊಂಡೇ ಹೇಳುತ್ತಿದ್ದರು. ನಡುನಡುವೆ ಎದ್ದು ಹೋಗಿ ಬಾಗಿಲಿನ ಗಾಜಿನಲ್ಲಿ ಇಣುಕಿ ಬರುತ್ತಿದ್ದರು. ಐದು ಗಂಟೆಗೆ ಎಲ್ಲಿಂದಲೋ ಚಹಾ ತಂದರು. ತಾವು ಒಂದು ಗಳಿಗೆ ಕೂಡ ಕಣ್ಣು ಮುಚ್ಚಲಿಲ್ಲ. ಏಳು ಗಂಟೆಗೆ ತಂಗಿ ಬಂದ ಮೇಲೆ ಬಸ್ಸು ಹತ್ತಿ ಹೋದರು.

ಅದಾದ ಮೇಲೆ ಎಂಟು ತಿಂಗಳು ನಾನು ಒಂದು ಹಾಳೆಯನ್ನೂ ಮುಟ್ಟಲಿಲ್ಲ. ಮಾವ ಒಮ್ಮೆ ಕೂಡ ಕೆಲಸ ಎಲ್ಲಿಗೆ ಬಂತು ಎಂದು ಕೇಳಲಿಲ್ಲ. ವಾರಕ್ಕೆರಡು ಸಲ ಬಂದು ಅಪ್ಪನ ಪಕ್ಕ ಕೂರುತ್ತಿದ್ದರು. ಹಾಳೆಯನ್ನು ಅವರ ತೊಡೆಯ ಮೇಲೆ ಬಿಡಿಸಿ, ಒಂದು ಚುಕ್ಕೆ ತೋರಿಸಿ, ಆ ಹೆಸರನ್ನು ಎರಡು ಮೂರು ರೀತಿ ಹೇಳುತ್ತಿದ್ದರು. ಸರಿ ಇದ್ದರೆ ಅಪ್ಪ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಹೀಗೆ ನಲವತ್ತೊಂದು ಹೆಸರು ಸಿಕ್ಕಿವೆ. ಎಲ್ಲ ನಕ್ಷೆಯಲ್ಲಿವೆ. ನಾನು ಬರೆದುಕೊಳ್ಳದ್ದನ್ನು ಅವರಿಬ್ಬರು ಬರೆಸಿಕೊಟ್ಟರು.

ಭಾನುವಾರ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಹತ್ತಿರ ಒಯ್ದೆವು. ಅವರು ಬಹಳ ಹೊತ್ತು ನೋಡಿದರು. ಬಲಗೈ ಏಳುವುದಿಲ್ಲ, ಎಡಗೈ ಎತ್ತಿದರು. ಬೆರಳು ಶಾಲೆಯ ದಾರಿಯಲ್ಲೇ ಹೋಗಿ, ಹಳ್ಳದ ಹತ್ತಿರ ನಿಂತಿತು. ನಾವು ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಬರೆದಿದ್ದ ಜಾಗ ಬಿಟ್ಟು, ಸ್ವಲ್ಪ ಮೇಲೆ, ಏನೂ ಇಲ್ಲದ ಕಡೆ ಮೂರು ಸಲ ತಟ್ಟಿತು. ನಮಗ್ಯಾರಿಗೂ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಮಾವ ಮುಂದೆ ಬಂದು, "ಸಂಕ ಇಲ್ಲಿತ್ತಾ ಮಾರಾಯ?" ಎಂದರು. ಅಪ್ಪ ಕಣ್ಣು ಮುಚ್ಚಿ ತೆರೆದರು.

ಮಾವ, ಸಂಕವನ್ನು ಮೇಲಕ್ಕೆ ಸರಿಸಿದ್ದೇನೆ. ಎರಡು ಹಳ್ಳ ಕೂಡುವುದಕ್ಕಿಂತ ಮೊದಲೇ, ಅಪ್ಪ ತೋರಿಸಿದ ಕಡೆ. ಹೊಸ ಪ್ರತಿ ನಾಳೆ ಮುದ್ರಣದಿಂದ ಬರುತ್ತದೆ. ಮಂಗಳವಾರ ಮಧ್ಯಾಹ್ನ ನಿಮ್ಮ ಮನೆಗೆ ತರುತ್ತೇನೆ. ಅಪ್ಪನೂ ಬರುತ್ತಾರೆ. ಮೆಟ್ಟಿಲ ಹತ್ತಿರ ಒಬ್ಬರು ಹಿಡಿದುಕೊಳ್ಳಬೇಕು, ಅಷ್ಟೇ.