ಎಚ್‌ಐವಿ ಪರೀಕ್ಷೆ: ಗುರಿ ಎಷ್ಟು ದೂರ?

ಎಲ್ಲರಿಗೂ ನಮಸ್ಕಾರ. ‘95-95-95 ಅಂದ್ರೆ ಏನು’ ಅಂತ ಕೆಲವರು ಕೇಳಿದ್ದಿರಿ. ಎಚ್‌ಐವಿ ಇರುವವರಲ್ಲಿ ಶೇ. 95 ಮಂದಿಗೆ ಅದು ಗೊತ್ತಿರಬೇಕು. ಗೊತ್ತಿದ್ದವರಲ್ಲಿ ಶೇ. 95 ಮಂದಿ ಮಾತ್ರೆ ತಗೊಳ್ಳುತ್ತಿರಬೇಕು. ಅವರಲ್ಲಿ ಶೇ. 95 ಮಂದಿಗೆ ವೈರಸ್ ಹತೋಟಿಯಲ್ಲಿರಬೇಕು. 2025ಕ್ಕೆ ಇಟ್ಟ ಗುರಿ ಇದು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್ ಲೆಕ್ಕದ ಪ್ರಕಾರ 2024ರಲ್ಲಿ ಜಗತ್ತು ಮುಟ್ಟಿದ್ದು 87-89-94.

ಮೂರನೆಯದು ಹೆಚ್ಚುಕಮ್ಮಿ ಕೈಗೆ ಬಂದಿದೆ. ಔಷಧಿ ಕೆಲಸ ಮಾಡುತ್ತೆ, ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದರೆ ಸಂಗಾತಿಗೆ ಲೈಂಗಿಕವಾಗಿ ಹರಡುವುದೂ ಇಲ್ಲ. ಹಿಂದೆ ಬಿದ್ದಿರುವುದು ಮೊದಲೆರಡು. ನನಗನ್ನಿಸೋದು, ಜನ ಹೆದರುವುದು ಸೂಜಿಗಲ್ಲ, ನಾಲ್ಕು ಜನ ಏನಂದಾರು ಅನ್ನೋದಕ್ಕೆ.

ಅದಕ್ಕೇ ಸ್ವಯಂ ಪರೀಕ್ಷೆಯ ಕಿಟ್ ನನಗೆ ಇಷ್ಟ. ಒಂದು ಬಗೆಯದರಲ್ಲಿ ಕಡ್ಡಿಯನ್ನು ವಸಡಿನ ಮೇಲೆ ಸವರಿ, ದ್ರವದಲ್ಲಿ ಅದ್ದಿಟ್ಟು, ಸುಮಾರು 20 ನಿಮಿಷ ಕಾಯಬೇಕು. ಎರಡು ಗೆರೆ ಬಂದರೆ ಸೋಂಕು ಇರಬಹುದು ಅಂತ, ಆದರೆ ಅದೇ ಕೊನೆ ಮಾತಲ್ಲ, ಆರೋಗ್ಯ ಕೇಂದ್ರದಲ್ಲಿ ಖಚಿತ ಮಾಡಿಸಿಕೊಳ್ಳಬೇಕು. ಒಂದೇ ಗೆರೆ ಬಂತು, ಅಂದ್ರೆ ಸೋಂಕು ಕಂಡಿಲ್ಲ, ಆದರೆ ಅಪಾಯದ ಸಂಪರ್ಕ ಮೊನ್ನೆ ಮೊನ್ನೆಯದಾ? ಮೂರು ತಿಂಗಳಾದ ಮೇಲೆ ಮತ್ತೆ ನೋಡಿ.

ತಡೆಯುವ ದಾರಿಗಳೂ ಜಾಸ್ತಿಯಾಗಿವೆ. ಕಾಂಡೋಮ್, ಪ್ರೆಪ್ ಮಾತ್ರೆ (ಸೋಂಕು ತಗಲದಂತೆ ಮೊದಲೇ ತಗೊಳ್ಳುವ ಔಷಧಿ) ಇದ್ದೇ ಇವೆ. ಆರು ತಿಂಗಳಿಗೊಮ್ಮೆ ಕೊಡುವ ಲೆನಕಾಪವಿರ್ ಚುಚ್ಚುಮದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಶಿಫಾರಸು ಮಾಡಿತು. ಎಲ್ಲರಿಗೂ ಸಿಗುವಂತಾಗೋದೇ ಈಗಿನ ಸವಾಲು. ಅಪಾಯದ ಸಂಪರ್ಕ ಆಗಿಹೋಗಿದ್ದರೆ, ಆಮೇಲೆ ಸೋಂಕು ತಡೆಯಲು ಕೊಡುವ ಪೆಪ್ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು, 28 ದಿನ ಬಿಡದೆ ತಗೊಳ್ಳಬೇಕು.

ಇನ್ನೊಂದು ಮಾತು: ಯಾರದೇ ರಿಪೋರ್ಟ್ ಫೋಟೋ ದಯವಿಟ್ಟು ಇಲ್ಲಿ ಹಾಕಬೇಡಿ, ನಿಮ್ಮದಾದರೂ ಸರಿ. ಪ್ರಶ್ನೆಗಳಿದ್ದರೆ ಧಾರಾಳವಾಗಿ ಕೇಳಿ.