ನಮ್ಮವ್ವ ಸೀಟು ಬಿಟ್ಟುಕೊಟ್ಟಿಲ್ಲ

ವಿಮಾನ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ಮೂರು ಸಲ ಫೋನ್ ಮಾಡಿದೆ, ಎರಡು ಮೇಲ್ ಹಾಕಿದೆ. ನಿನ್ನೆ ನಿಮ್ಮ ಉತ್ತರ ಬಂತು: "ನಿಮ್ಮ ತಾಯಿಯವರು ಸ್ವಇಚ್ಛೆಯಿಂದ ಸೀಟು ಬಿಟ್ಟುಕೊಟ್ಟಿದ್ದಾರೆ. ದೂರನ್ನು ಮುಗಿಸಲಾಗಿದೆ." ನನ್ನ ಕಡೆಯಿಂದ ಮುಗಿದಿಲ್ಲ. ಅದಕ್ಕೇ ಈ ಪತ್ರ.

ಕಳೆದ ತಿಂಗಳು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನನಗೂ ಅವ್ವನಿಗೂ ಒಂದೇ ಬುಕಿಂಗ್‌ನಲ್ಲಿ ಎರಡು ಟಿಕೆಟ್ ತೆಗೆದಿದ್ದೆ. ಮರುದಿನ ಬೆಳಿಗ್ಗೆ ಎಂಟಕ್ಕೆ ಅವ್ವ ಕಣ್ಣಿನ ಆಪರೇಷನ್‌ಗೆ ಅಡ್ಮಿಟ್ ಆಗಬೇಕಿತ್ತು. ಬುಕ್ ಮಾಡಿದಾಗ ನೀವು ತೋರಿಸಿದ್ದು ಏರ್‌ಬಸ್ ಎ320. ಆ ಕಡೆ ಮೂರು, ಈ ಕಡೆ ಮೂರು ಸೀಟು, ಒಟ್ಟು 180 ಜನ ಕೂರುವಂಥದ್ದು. ಬಂದು ನಿಂತಿದ್ದು 50 ಸೀಟಿನ ಸಣ್ಣ ಜೆಟ್. ಒಂದು ಕಡೆ ಒಂದು ಸೀಟು, ಇನ್ನೊಂದು ಕಡೆ ಎರಡು. ಮುಂಚೆ ಒಂದು ಮೆಸೇಜೂ ಇಲ್ಲ.

ಸಣ್ಣ ವಿಮಾನದ ಮೇಲೆ ನನಗೆ ಸಿಟ್ಟಿಲ್ಲ. 40 ಜನ ಇರುವ ದಿನ 180 ಸೀಟಿನದನ್ನು ಹಾರಿಸಿದರೆ ಯಾರಿಗೂ ಗಿಟ್ಟುವುದಿಲ್ಲ, ಕೊನೆಗೆ ಆ ರೂಟೇ ನಿಂತುಹೋಗುತ್ತದೆ. ನಮ್ಮಂಥ ಊರುಗಳಿಗೆ ವಿಮಾನ ಬರುತ್ತಿರುವುದೇ ಇಂಥ ಸಣ್ಣ ವಿಮಾನಗಳಿಂದ. ಆದರೆ ಟಿಕೆಟ್ ಮಾರುವಾಗ ದೊಡ್ಡದು, ಹತ್ತಿಸುವಾಗ ಸಣ್ಣದು ಅಂದರೆ ಉಳಿದವರು ಎಲ್ಲಿಗೆ ಹೋಗಬೇಕು?

ಕೌಂಟರಿನ ಹುಡುಗ ತಲೆ ಎತ್ತದೆ, "ಒಂದೇ ಸೀಟಿದೆ ಮೇಡಂ. ನೀವು ಹೋಗಿ, ಅಜ್ಜಿ ನಾಳೆ ಬರ್ಲಿ" ಅಂದ.

"ಅವರಿಗೆ 74 ವರ್ಷ. ಒಂದು ಕಣ್ಣು ಪೂರ್ತಿ ಮಂಜು. ಒಬ್ಬರೇ ಹೆಂಗ ಬರ್ತಾರ?"

"ಹಾಗಾದ್ರೆ ಅಜ್ಜಿ ಹೋಗ್ಲಿ, ನೀವು ನಾಳೆ ಬನ್ನಿ."

ದೊಡ್ಡ ವಿಮಾನ ಏನಾಯ್ತು ಅಂತ ಕೇಳಿದೆ. "ಇಲ್ಲಿ ರನ್‌ವೇ ಸಣ್ಣದು ಮೇಡಂ, ದೊಡ್ಡದು ಇಳಿಯಲ್ಲ" ಅಂದ. ಸಾಂಬ್ರಾ ರನ್‌ವೇ 2,300 ಮೀಟರ್ ಇದೆ. ಎ320 ಅಲ್ಲಿ ಇಳಿದು ಏರಿದ್ದನ್ನು ಊರೇ ನೋಡಿದೆ. ಬೆಳಗಾವಿಯವರ ಮುಂದೇ ಈ ಸುಳ್ಳಾ?

ಮ್ಯಾನೇಜರ್ ಹುಡುಕಲು ಹೋದೆ, ಸಿಗಲಿಲ್ಲ. ಹತ್ತು ನಿಮಿಷದಲ್ಲಿ ವಾಪಸ್ ಬಂದಾಗ ಅವ್ವ ಕೌಂಟರಿಗೆ ಬಗ್ಗಿ ನಿಂತಿದ್ದಳು. ಮುಂದೆ ಒಂದು ಇಂಗ್ಲಿಷ್ ಕಾಗದ. ನಾಳಿನ ಟಿಕೆಟ್‌ಗೆ ಸಹಿ ಬೇಕು ಅಂದಿದ್ದನಂತೆ. ಅವ್ವ ಸೆರಗಿನಿಂದ ಚಷ್ಮಾ ಒರೆಸಿಕೊಂಡು "ಎಲ್ಲಿಪಾ?" ಅಂದಳು. ಅವನು ಬೆರಳಿಟ್ಟು ತೋರಿಸಿದ. ಅವ್ವ ಒಂದೊಂದೇ ಅಕ್ಷರ ಕೂಡಿಸಿ ಬರೆಯುತ್ತಿದ್ದಾಗ, ಕ್ಯೂನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ ಅಂದ: "ಹೆಬ್ಬೆಟ್ಟು ಒತ್ತಿದ್ರೂ ಆಗ್ತಿತ್ತು ಅಜ್ಜಿ, ಬೇಗ ಬೇಗ."

ಪೆನ್ನು ಅಲ್ಲೇ ನಿಂತಿತು. ಅವ್ವ ನನ್ನ ಮುಖ ನೋಡಿದಳು, ಆಮೇಲೆ ಸಹಿ ಮುಗಿಸಿದಳು. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತಲು ನಾಚಿಕೆ ಅಂತ ಐವತ್ತು ದಾಟಿದ ಮೇಲೆ ನನ್ನ ಹತ್ತಿರ ಕೂತು ಕಲಿತ ಸಹಿ ಅದು. ಕಾಗದದಲ್ಲಿದ್ದದ್ದು, "ನಾನಾಗಿಯೇ ಸೀಟು ಬಿಟ್ಟುಕೊಡುತ್ತಿದ್ದೇನೆ" ಅಂತ. ನಾನು ಅಷ್ಟು ಓದುವುದರೊಳಗೆ ಅದು ಡ್ರಾಯರ್ ಸೇರಿತ್ತು.

ನಾನೂ ಹತ್ತಲಿಲ್ಲ. ರಾತ್ರಿ ಬಸ್ಸಿನಲ್ಲಿ 500 ಕಿಲೋಮೀಟರ್ ಕೂತು ಹೋದೆವು. ಆಸ್ಪತ್ರೆ ಮುಟ್ಟಿದಾಗ ಹತ್ತು ಗಂಟೆ. ಆಪರೇಷನ್ ಎರಡು ವಾರ ಮುಂದೆ ಹೋಯಿತು.

ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ನಿಮಗೆ ನಾನು ಹೇಳಿಕೊಡಬೇಕಾ? ಮೊದಲು ಯಾರಾದರೂ ಸೀಟು ಬಿಡುತ್ತೀರಾ ಅಂತ ಎಲ್ಲರನ್ನೂ ಕೇಳಬೇಕು. ನೀವು ಯಾರನ್ನೂ ಕೇಳಲಿಲ್ಲ. ಸರಿಯಾದ ಸಮಯಕ್ಕೆ ಬಂದವರನ್ನು ಬಲವಂತವಾಗಿ ಬಿಟ್ಟುಹೋದರೆ, ಒಂದು ಗಂಟೆ ದಾಟಿ 24 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೂ 10,000 ರೂಪಾಯಿವರೆಗೆ ಪರಿಹಾರ, ಅದಕ್ಕೂ ತಡವಾದರೆ 20,000ದವರೆಗೆ. ತಾವಾಗಿಯೇ ಬಿಟ್ಟವರಿಗೆ ಇದು ಸಿಗುವುದಿಲ್ಲ. ಆ ಸಹಿ ಯಾಕೆ ಹಾಕಿಸಿಕೊಂಡಿರಿ ಅಂತ ನನಗೆ ಗೊತ್ತು.

ಇನ್ನು 15 ದಿನ ಕಾಯುತ್ತೇನೆ. ಪರಿಹಾರ ನಿಯಮದ ಪ್ರಕಾರ ಕೊಡಿ. ಅದಕ್ಕಿಂತ ಮೊದಲು ಅವ್ವ ಸಹಿ ಮಾಡಿದ ಆ ಕಾಗದ ವಾಪಸ್ ಬೇಕು. ಜೆರಾಕ್ಸ್ ಅಲ್ಲ, ಅದೇ ಕಾಗದ. ಬರದಿದ್ದರೆ ಬೆಳಗಾವಿ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಕಾಣೋಣ. 2019ರ ಕಾಯ್ದೆಯಲ್ಲಿ ನಾವಿರುವ ಊರಲ್ಲೇ ದೂರು ಕೊಡಬಹುದು, ವಕೀಲರೂ ಬೇಕಿಲ್ಲ. ಆ ದೂರಿಗೆ ಸಹಿ ಹಾಕುವುದು ಅವ್ವನೇ. ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದ ಮೇಲೆ.

ಇಂತಿ,
ನಿಮ್ಮ ಪ್ರಯಾಣಿಕಳು
ಬೆಳಗಾವಿ