ಪಿಕಳಾರಕ್ಕೆ ಜುಟ್ಟು ಬೇಡ: ಮಗಳಿಗೊಂದು ಪತ್ರ

ಚಿಕ್ಕಬಳ್ಳಾಪುರ

ಪ್ರೀತಿಯ ಪುಟ್ಟಿ,

ನಿನ್ನ ಚಿತ್ರಪುಸ್ತಕದ ಡಮ್ಮಿ, ಅಂದರೆ ಅಚ್ಚಿಗೆ ಮುಂಚಿನ ಮಾದರಿ ಪ್ರತಿ, ಬಂತು. ಹಳದಿ ಕೊರಳಿನ ಪಿಕಳಾರವನ್ನೇ ಆರಿಸಿಕೊಂಡಿದ್ದೀಯಲ್ಲ, ಅದು ಒಳ್ಳೆಯದಾಯ್ತು. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಆ ಹಕ್ಕಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ನಮ್ಮ ನಂದಿಬೆಟ್ಟದಲ್ಲಿದೆ, ತುಮಕೂರಿನ ದೇವರಾಯನದುರ್ಗದಲ್ಲಿದೆ. ಇನ್ನೂ ಒಂದು ಅನುಕೂಲ ನಿನಗೆ ಹೊಳೆದಿದೆಯೋ ಇಲ್ಲವೋ, ಪಿ-ಕ-ಳಾ-ರ ಅನ್ನೋ ಹೆಸರಲ್ಲಿ ಒಂದೂ ಒತ್ತಕ್ಷರವಿಲ್ಲ. ಕಾಗುಣಿತ ಮುಗಿಸಿದ ಮಗು ಯಾರ ಸಹಾಯವೂ ಇಲ್ಲದೆ ಓದಿಕೊಳ್ಳುತ್ತೆ. ‘ಎರ್ಲಡ್ಡು’ (ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ) ಅಂತ ಶುರು ಮಾಡಿದ್ದರೆ ಮೊದಲ ಪುಟದಲ್ಲೇ ಅರ್ಕಾವತ್ತು ಎದುರಾಗುತ್ತಿತ್ತು.

ಮೊದಲು ಹಕ್ಕಿಯ ಚಿತ್ರ. ಜುಟ್ಟು ತೆಗೆದುಬಿಡು. ಊರೊಳಗೆ ಕಾಣೋ ಕೆಮ್ಮೀಸೆ ಪಿಕಳಾರಕ್ಕೆ ಚೂಪು ಜುಟ್ಟಿದೆ, ಅದನ್ನು ನೋಡಿ ಇದಕ್ಕೂ ಇಟ್ಟಿದ್ದೀಯ. ಇದರ ತಲೆ ನುಣ್ಣಗೆ ದುಂಡಗಿರುತ್ತೆ. ತಲೆ, ಕೊರಳು ಹಳದಿ. ಎದೆ ತಿಳಿಬೂದು. ಬೆನ್ನು, ರೆಕ್ಕೆ ಬೂದು ಬೆರೆತ ಹಸಿರು. ಬಾಲದ ಬುಡದ ಅಡಿ ಮತ್ತೆ ಹಳದಿ, ಬಾಲದ ತುದಿಗೂ ಹಳದಿ ಅಂಚು. ಹಳದಿ ಕೊರಳು ಬೂದು ಎದೆಗೆ ಸೇರೋ ಕಡೆ ನೀನು ಬಣ್ಣ ಕರಗಿಸಿದ್ದೀಯ. ಹಾಗೆ ಮಾಡಬೇಡ, ಅಲ್ಲಿ ಎರಡು ಬಣ್ಣವೂ ಬೇರೆ ಬೇರೆಯಾಗಿ ಕಾಣಬೇಕು. ಬೆಟ್ಟದ ಬುಡದ ಪೊದೆಗಳಲ್ಲಿರೋ ಬಿಳಿ ಹುಬ್ಬಿನ ಪಿಕಳಾರಕ್ಕೂ ಜುಟ್ಟಿಲ್ಲ, ಹಾಗಾಗಿ ಮಗು ಇವೆರಡನ್ನು ಗುರುತಿಸೋದು ಈ ಕೊರಳಿಂದಲೇ. ಕಾಲಲ್ಲಿ ಮುಂದೆ ಮೂರು, ಹಿಂದೆ ಒಂದು ಬೆರಳು. ಐದನೇ ಪುಟದಲ್ಲಿ ಮುಂದೆ ನಾಲ್ಕಿವೆ ನೋಡು.

ಗಿಡ ಮರದ ಕಡೆಗೂ ಅಷ್ಟೇ ಗಮನ ಕೊಡು. ನೀನು ಬರೆದ ಹುಲ್ಲು ಹಾಸಿದ ಹಸಿರು ಗುಡ್ಡ, ಪೈನ್ ಮರ ಯಾವ ದೇಶದ್ದೋ. ಬಿಸಿಲಿಗೆ ಕಾದ ಕರಿಬೂದು ಬಂಡೆ, ಸಂದಿಯಲ್ಲಿ ಕಾರೆ, ಬಂದರಿ, ತಂಗಡಿ, ಒಂದು ಗೋಣಿಮರ, ಇಷ್ಟು ಬರಲಿ. ಗೋಣಿ, ಬಸರಿ ಹಣ್ಣು ಬಿಟ್ಟಾಗ ಪಿಕಳಾರ ಬಂದೇ ಬರುತ್ತೆ. ಸಾಲಾಗಿ ನೆಟ್ಟ ನೀಲಗಿರಿಯಲ್ಲಿ ಅದಕ್ಕೆ ತಿನ್ನೋಕೆ ಏನೂ ಇಲ್ಲ. ನಮ್ಮ ಜಿಲ್ಲೆಯ ಮಕ್ಕಳು ನೀಲಗಿರಿ ತೋಪನ್ನೇ ಕಾಡು ಅಂದುಕೊಂಡಿರ್ತಾರೆ, ಒಂದು ಪುಟದಲ್ಲಿ ತೋಪನ್ನೂ ಬರೆದು ಅಲ್ಲಿ ಹಕ್ಕಿ ಇಲ್ಲದ ಹಾಗೆ ಬಿಡು, ಸಾಕು.

ಈಗ ಕಥೆ. ಹುಡುಗಿ ನೆಲಕ್ಕೆ ಬಿದ್ದ ಮರಿಯನ್ನು ಮನೆಗೆ ತಂದು, ಹಾಲಲ್ಲಿ ಅದ್ದಿದ ಬ್ರೆಡ್ ತಿನ್ನಿಸಿ, ದೊಡ್ಡದಾದ ಮೇಲೆ ಹಾರಿಬಿಡ್ತಾಳೆ ಅಂತ ಬರೆದಿದ್ದೀಯ. ಹಕ್ಕಿ ಉಳಿಸೋ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಇದೇ ಕಥೆ, ನನಗೆ ಸಿಟ್ಟು ಬರೋದೂ ಇದಕ್ಕೇ. ಮಕ್ಕಳು ಓದಿದ್ದನ್ನು ಮಾಡಿ ನೋಡ್ತಾರೆ ಕಣೇ. ಗರಿ ಮೂಡಿದ ಮರಿ ಗೂಡು ಬಿಟ್ಟು ನೆಲದಲ್ಲಿ, ಪೊದೆಯಲ್ಲಿ ಕುಪ್ಪಳಿಸೋದು ಹಾರೋದು ಕಲಿಯೋ ಹಂತ; ತಾಯಿ ತಂದೆ ಹತ್ತಿರದಲ್ಲೇ ಇದ್ದು ಹುಳ ತಂದು ಕೊಡ್ತಿರ್ತಾವೆ. ಎತ್ತಿ ತಂದರೆ ಅದು ಅನಾಥವಾಗೋದು ಆವಾಗ. ಹಕ್ಕಿಗೆ ಹಾಲು ಅರಗಲ್ಲ. ಕೊಕ್ಕು ಬಿಡಿಸಿ ನೀರು ಬಿಟ್ಟರೆ ನಾಲಿಗೆ ಬುಡದಲ್ಲೇ ಇರೋ ಶ್ವಾಸನಾಳಕ್ಕೆ ಇಳಿದು ಸಾಯುತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸಾಕೋ ಹಾಗೂ ಇಲ್ಲ. ನಿನ್ನ ಹುಡುಗಿ ಬೆಕ್ಕನ್ನು ಓಡಿಸಲಿ, ಮರಿ ದಾರಿ ಮಧ್ಯ ಇದ್ದರೆ ಪಕ್ಕದ ಪೊದೆಗೆ ಸರಿಸಲಿ, ದೂರ ಹೋಗಿ ಕೂತು ನೋಡಲಿ. ತಾಯಿ ಹುಳ ಕಚ್ಚಿಕೊಂಡು ಬಂದು ಕೂತ ಪುಟ, ಹಾರಿಬಿಡೋ ಪುಟಕ್ಕಿಂತ ಚೆನ್ನಾಗಿರುತ್ತೆ.

‘ಇನ್ನು ಬೆರಳೆಣಿಕೆಯ ಹಕ್ಕಿಗಳೇ ಉಳಿದಿವೆ’ ಅನ್ನೋ ಸಾಲೂ ತಪ್ಪು. ಜೀವಿಗಳಿಗೆ ಅಳಿವಿನ ಅಪಾಯ ಎಷ್ಟು ಅಂತ ಹೇಳೋ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದು ‘ಅಪಾಯಕ್ಕೀಡಾಗಬಲ್ಲ’ ಅನ್ನೋ ವರ್ಗದ್ದು. ಎರ್ಲಡ್ಡು, ಉದ್ದ ಕೊಕ್ಕಿನ ರಣಹದ್ದು ಇರೋ ‘ತೀವ್ರ ಅಳಿವಿನಂಚು’ ಅದಕ್ಕಿಂತ ಎರಡು ಮೆಟ್ಟಿಲು ಆಚೆಯದು. ಇದರ ತೊಂದರೆ ಜಾಗದ್ದು. ಬಂಡೆ ಹೋದರೆ ಅದರ ಸಂದಿಯ ಗಿಡವೂ ಹೋಯ್ತು, ಹಕ್ಕಿಯೂ ಹೋಯ್ತು.

ಅದಕ್ಕೆ ಕಲ್ಲು ಕ್ವಾರಿಯನ್ನು ಮಾತಲ್ಲಿ ಹೇಳೋಕೆ ಹೋಗಬೇಡ. ಒಂದೇ ಗುಡ್ಡವನ್ನು ಒಂದೇ ಕೋನದಿಂದ ಮೂರು ಸಲ ಬರಿ, 8-9, 16-17, 24-25ನೇ ಪುಟಗಳಲ್ಲಿ. ಮೊದಲನೆಯದರಲ್ಲಿ ಗುಡ್ಡ ಇಡಿಯಾಗಿದೆ. ಎರಡನೆಯದರಲ್ಲಿ ಒಂದು ಪಕ್ಕೆ ಕತ್ತರಿಸಿ ಬಿಳಿ ಗಾಯ. ಮೂರನೆಯದರಲ್ಲಿ ಗೋಣಿಮರ ಇದ್ದ ಕಡೆ ಹಸಿರು ನೀರಿನ ಹೊಂಡ. ಹಕ್ಕಿಯನ್ನು ಉಳಿದ ಪಕ್ಕೆಗೆ ಸರಿಸುತ್ತಾ ಹೋಗು, ಮಗು ತಾನೇ ಬೆರಳಿಟ್ಟು ಹುಡುಕುತ್ತೆ. ಕ್ರಷರ್ ಕೆಲಸದವನಿಗೆ ಮಾತ್ರ ಕೋರೆಹಲ್ಲು ಬರೀಬೇಡ. ಆ ಪುಸ್ತಕ ಓದೋ ತರಗತಿಯಲ್ಲಿ ಅವನ ಮಗಳೂ ಕೂತಿರ್ತಾಳೆ, ಶಾಲೆಯ ಅಡಿಪಾಯದ ಸೈಜುಗಲ್ಲೂ ಅಂಥದೇ ಗುಡ್ಡದ್ದು.

ಪ್ರೆಸ್ಸಿನ ಮಾತಿಗೆ ಬರ್ತೀನಿ. ನಿನ್ನ ಡಮ್ಮಿ 28 ಪುಟ ಇದೆ. ಒಂದು ಫಾರಂ ಅಂದರೆ ಒಟ್ಟಿಗೆ ಅಚ್ಚಾಗೋ 16 ಪುಟ, ಹಾಗಾಗಿ 28 ಅಂದರೆ 16, 8, 4 ಅಂತ ಮೂರು ಸಲ ಮಷೀನಿಗೆ ಕೂರಿಸಬೇಕು. 32 ಮಾಡು, ಎರಡೇ ಫಾರಂ. 1ನೇ ಪುಟ ಹೆಸರಿಗೆ, 2ನೇ ಪುಟ ಪ್ರಕಾಶನದ ವಿವರಕ್ಕೆ, 3 ಮತ್ತು 32 ಒಂಟಿ ಪುಟ, ನಡುವೆ 14 ಜೋಡಿ ಪುಟ ಸಿಗುತ್ತೆ. ಜೋಡಿಗೆ 20-25 ಪದ ಮೀರಿಸಬೇಡ. ಸೆಂಟರ್ ಪಿನ್ ಬೈಂಡಿಂಗಿನಲ್ಲಿ 16-17 ಮಾತ್ರ ಒಂದೇ ಹಾಳೆ. ಮಿಕ್ಕ ಜೋಡಿಗಳಲ್ಲಿ ಎಡ ಬಲ ಬೇರೆ ಬೇರೆ ಹಾಳೆಯಾದ್ದರಿಂದ ಗೆರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗೇ ಆಗುತ್ತೆ. 10-11ರಲ್ಲಿ ಹಕ್ಕಿಯ ಕಣ್ಣು ಸರಿಯಾಗಿ ಮಡಿಕೆಗೆ ಬಂದಿದೆ, ಅಚ್ಚಾದಾಗ ಮೆಳ್ಳಗಣ್ಣು ಆಗುತ್ತೆ, ಸರಿಸು. 8-9, 24-25ರ ಗುಡ್ಡಕ್ಕೂ ಮಡಿಕೆಯ ಜಾಗದಲ್ಲಿ ಬರೀ ಬಂಡೆಯ ಮೈ ಇರಲಿ. ಕತ್ತರಿಸೋ ಅಂಚಿಗೆ ಸುತ್ತಲೂ 3 ಮಿಲಿಮೀಟರ್ ಹೆಚ್ಚು ಬಣ್ಣ ಹರಿಸು.

ಹಳದಿಯಲ್ಲೇ ಎಡವೋದು ಜಾಸ್ತಿ. ಕಂಪ್ಯೂಟರ್ ಪರದೆ ಮೇಲೆ ಹೊಳೆಯೋದು ಕಾಗದದ ಮೇಲೆ ಹಾಗೇ ಬರಲ್ಲ. ಅಚ್ಚಿನ ಶಾಯಿಗಳಲ್ಲಿ ಕೊರಳಿಗೆ ಯೆಲ್ಲೋ (ಹಳದಿ) ಶೇಕಡಾ 100, ಮಜೆಂಟಾ (ಕಡುಗುಲಾಬಿ) 10ರ ಆಸುಪಾಸು, ಸಯಾನ್ (ತಿಳಿನೀಲಿ) ಸೊನ್ನೆ. ಸಯಾನ್ ಸ್ವಲ್ಪ ಸೇರಿದರೂ ಹಳದಿ ಹಸಿರಿಗೆ ತಿರುಗಿ ಪಕ್ಕದ ಬೆನ್ನಿಗೆ ಅಂಟಿಕೊಳ್ಳುತ್ತೆ. ಎದೆಯ ಬೂದಿಗೆ ಕಪ್ಪನ್ನೇ ತೆಳು ಮಾಡಿ ಬಳಸು. ಅಕ್ಷರ ಕಪ್ಪು ಪ್ಲೇಟೊಂದರಲ್ಲೇ ಇರಲಿ, ನಾಲ್ಕು ಬಣ್ಣದ ಕಪ್ಪಾದರೆ ಪ್ಲೇಟು ಒಂಚೂರು ಸರಿದರೂ ಒತ್ತಕ್ಷರ ಕಲಸಿಹೋಗುತ್ತೆ. 20 ಪಾಯಿಂಟಿಗೆ ಕಡಿಮೆ ಬೇಡ, ಸಾಲಿನ ಅಂತರ ಧಾರಾಳವಾಗಿ ಬಿಡು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಪ್ರೂಫನ್ನು ಟ್ಯೂಬ್‌ಲೈಟ್ ಕೆಳಗೆ ಒಪ್ಪಬೇಡ, ಹೊರಗೆ ಹಗಲು ಬೆಳಕಿಗೆ ತಂದು ನೋಡು.

ಮುಂದಿನ ಪುಸ್ತಕ ರಣಹದ್ದಿನದು ಅಂದೆ. ಧೈರ್ಯವಾಗಿ ಮಾಡು. 2012ರಲ್ಲಿ ರಣಹದ್ದು ಧಾಮವಾದ ರಾಮನಗರದ ರಾಮದೇವರ ಬೆಟ್ಟ ಹತ್ತಿರದಲ್ಲೇ ಇದೆ, ಮನೆ ಮನೆಯಲ್ಲೂ ಸೀಮೆಹಸು ಕಟ್ಟೋ ನಮ್ಮ ಮಕ್ಕಳಿಗೆ ಈ ಕಥೆ ಬೇಗ ಅರ್ಥವಾಗುತ್ತೆ. ಹಸುವಿಗೆ ನೋವು, ಡೈಕ್ಲೋಫೆನಾಕ್ ಸೂಜಿ, ಹಸು ಸತ್ತಿತು, ಹದ್ದುಗಳು ತಿಂದವು, ಮೂತ್ರಪಿಂಡ ಕೆಟ್ಟು ಅವೂ ಸತ್ತವು. ನಾಲ್ಕೈದು ಪುಟದಲ್ಲಿ ಮುಗಿಯುತ್ತೆ. ಸೂಜಿ ಚುಚ್ಚಿಸಿದವರು ಹಸುವಿನ ಮೇಲಿನ ಅಕ್ಕರೆಯಿಂದಲೇ ಚುಚ್ಚಿಸಿದ್ದು ಅನ್ನೋದು ಅವರ ಮುಖದಲ್ಲಿ ಕಾಣಲಿ. 2006ರಲ್ಲಿ ದನಗಳಿಗೆ ಆ ಔಷಧ ನಿಷೇಧವಾಯ್ತು. ಬದಲಿಗೆ ಮೆಲಾಕ್ಸಿಕ್ಯಾಮ್ ಇದೆ, ಅದರಿಂದ ಹದ್ದಿಗೆ ತೊಂದರೆಯಿಲ್ಲ. ಆ ಹೆಸರನ್ನು ಕೊನೆ ಪುಟದಲ್ಲಿ ದೊಡ್ಡದಾಗಿ ಹಾಕು, ಮಗು ಓದಿ ಹೇಳಿದ್ದನ್ನು ಅಪ್ಪ ಕೇಳಿಸಿಕೊಳ್ತಾನೆ.

ಪಿಕಳಾರದ 32ನೇ ಪುಟ ಇನ್ನೂ ಖಾಲಿ ಇದೆಯಲ್ಲ? ಬಾಗೇಪಲ್ಲಿ, ಗುಡಿಬಂಡೆ ಕಡೆ ಮನೆಮಾತು ತೆಲುಗು, ಅಲ್ಲಿ ಪಿಕಳಾರಕ್ಕೆ ಪಿಗಿಲಿ ಪಿಟ್ಟ ಅಂತಾರೆ. ಪುಟದ ನಡುವೆ ಹಕ್ಕಿಯೊಂದನ್ನೇ ಕೂರಿಸಿ, ಕೆಳಗೆ ‘ನಿಮ್ಮೂರಲ್ಲಿ ಇದನ್ನು ಏನಂತಾರೆ?’ ಅಂತ ಬರೆದು ಎರಡು ಗೆರೆ ಎಳೆದುಬಿಡು. ಆ ಪುಟಕ್ಕೆ ಮಾತ್ರ ನುಣುಪು ಬೇಡ ಅಂತ ಹೇಳೋಕಾಗಲ್ಲ, ಇಡೀ ಪುಸ್ತಕಕ್ಕೇ ಹೊಳಪಿಲ್ಲದ ಕಾಗದ ಕೇಳು. ಹೊಳಪಿನ ಆರ್ಟ್ ಪೇಪರ್ ಮೇಲೆ ಪೆನ್ಸಿಲ್ ಹತ್ತಲ್ಲ.

ಇಂತಿ,
ಅಮ್ಮ